ಎಮ್ಮೆಗೆಂದು ಆರಿಸಿದ ಸಿಪ್ಪೆ

ಗಂಗಾವತಿ, ಮಂಗಳವಾರ, 17 ಜೂನ್ 2025

ಸಿಟ್ಟು ಇನ್ನೂ ಇಳಿದಿಲ್ಲ. ಕುಕನೂರಿನಿಂದ ಬಂದಿದ್ದ ಅವ್ವ ನಮ್ಮ ಕಸದ ಬಕೆಟ್ ನೋಡಿ ದಂಗಾದಳು. ಅವಳ ಮನೆಯಲ್ಲಿ ಬಕೆಟ್ಟೇ ಇಲ್ಲ. ಸಿಪ್ಪೆ, ಮಿಕ್ಕ ಅನ್ನ ಎಮ್ಮೆಗೆ, ಉಳಿದದ್ದು ತಿಪ್ಪೆಗೆ. ಇಲ್ಲಿ ಮೂರೇ ಮಂದಿಗೆ ದಿನಾ ತುಂಬಿ ಚೆಲ್ಲುತ್ತದೆ.

“ಎಮ್ಮಿಗಿ ಆಕ್ಕೈತಿ, ಒಯ್ತೀನಿ” ಎಂದು ಬಾಳೆಸಿಪ್ಪೆ, ಕೋಸಿನ ಎಲೆ ಆರಿಸಿ ಚೀಲಕ್ಕೆ ತುಂಬಿದಳು.

ಊಟಕ್ಕೆ ಕೂತಿದ್ದ ನನ್ನ ಗಂಡ ಅವಳೆದುರಿಗೇ ಅಂದ: “ಕಸ ಆರಸಬ್ಯಾಡ ಅಂತ ನಿಮ್ಮವ್ವಗ ಹೇಳು. ಓಣಿ ಮಂದಿ ನೋಡಿದ್ರ ನಮ್ಮ ಮರ್ಯಾದಿ ಏನಾಗಬೇಕು?”

ಅವ್ವ ಚೀಲವನ್ನು ಮತ್ತೆ ಬಕೆಟ್ಟಿಗೆ ಸುರಿದು ಬಸ್ಸಿಗೆ ಹೊರಟಳು.

ಆಗ ಈ ಮಹಾರಾಯ ಅನ್ನಕ್ಕೆ ಸುರಿದುಕೊಂಡಿದ್ದು ಅವಳೇ ತಂದ ತುಪ್ಪ, ಅದೇ ಎಮ್ಮೆಯದು. ಅರ್ಧ ಉಂಡ. ಉಳಿದರ್ಧದ ಮೇಲೆ ಕೈ ತೊಳೆದ.

ಅದನ್ನು ಬಕೆಟ್ಟಿಗೆ ಹಾಕಿದವಳು ನಾನು.