ಕುದುರೆಗೆ ಸೋಮವಾರ ರಜೆ, ಕಲಿಸುವವಳಿಗೆ ಯಾವ ವಾರ?

ಸವಾರಿ ಶಾಲೆಯ ಗೌರವ ಕಾರ್ಯದರ್ಶಿಗಳೇ,

ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀರಿ, ನಿಮಗೆ ಒಳ್ಳೆಯದಾಗಲಿ. ಎದುರಿಗೆ ನಿಂತು ಹೇಳಿದರೆ "ಬರೆದು ಕೊಡಿ" ಅಂದಿರಿ. ಫೋನಿನಲ್ಲಿ ಹೇಳಿದರೆ "ಬರೆದು ಕೊಡಿ" ಅಂದಿರಿ. ಕನ್ನಡ ಸಂಘದ ಸಂಕ್ರಾಂತಿ ಊಟದಲ್ಲಿ ನಿಮ್ಮ ಪಕ್ಕದ ಎಲೆಗೇ ಕೂತು ಹೇಳಿದೆ, ಎಳ್ಳು ಹೋಳಿಗೆ ಮುರಿಯುತ್ತ ಮತ್ತೆ ಅದನ್ನೇ ಅಂದಿರಿ. ಇಗೋ, ಬರೆದಿದ್ದೇನೆ. ನಿಮಗೊಬ್ಬರಿಗೇ ಕೊಟ್ಟರೆ ಕಡತದೊಳಗೆ ಹಾಸಿಗೆ ಹಾಸಿ ಮಲಗಿಸುತ್ತೀರಿ ಅಂತ ಸಂಘದ ಪತ್ರಿಕೆಗೇ ಕೊಟ್ಟಿದ್ದೇನೆ. ನಮ್ಮ ಸಂಕ್ರಾಂತಿ ಸಂಚಿಕೆ ಎಂದಿನಂತೆ ಸಂಕ್ರಾಂತಿ ಮುಗಿದ ಮೇಲೆ ಬರುತ್ತದೆ. ಈ ಸಲ ಅದೇ ಒಳ್ಳೆಯದಾಯಿತು.

ವಿಷಯ ಇಷ್ಟೇ. ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಅರ್ಚಿತಾ ನನ್ನ ಮೊಮ್ಮಗಳು. ನಿಮ್ಮ ಕೆಲಸದ ಹೊತ್ತಿನಲ್ಲಿ, ನಿಮ್ಮ ಕುದುರೆಯ ಮೇಲಿಂದ ಬಿದ್ದು ಭುಜದ ಮುಂದಿನ ಎಲುಬು ಮುರಿದುಕೊಂಡಿದ್ದಾಳೆ. ಡಾಕ್ಟರು ಆರು ವಾರ ಕುದುರೆ ಹತ್ತಕೂಡದು ಅಂದಿದ್ದಾರೆ. ನೀವು ಫೆಬ್ರುವರಿ ಒಂದಕ್ಕೆ ಹತ್ತಲೇಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಅಂದಿದ್ದೀರಿ. ಈ ಸುದ್ದಿಯನ್ನು ಎಲುಬಿಗೆ ಯಾರು ಮುಟ್ಟಿಸಬೇಕು? ನೀವೇ ಬಂದು ಅದರ ಮೇಲೊಂದು ನೋಟಿಸು ಅಂಟಿಸಿ ಹೋಗಿ.

ನಿಮ್ಮ ಶಾಲೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕುದುರೆಯಾಗಿ ಹುಟ್ಟಿದ್ದರೆ ವಡೋದರಾದಲ್ಲಿ ಅದಕ್ಕಿಂತ ಒಳ್ಳೆಯ ನೌಕರಿ ಇಲ್ಲ. ಹೊತ್ತಿಗೆ ಸರಿಯಾಗಿ ಮೇವು, ದಿನಕ್ಕೆ ಇಷ್ಟೇ ಸವಾರಿ ಅಂತ ಗೋಡೆಯ ಮೇಲೆ ಬರೆದ ಲೆಕ್ಕ, ಬೇಸಿಗೆಗೆ ಫ್ಯಾನು, ತಿಂಗಳಿಗೊಮ್ಮೆ ಡಾಕ್ಟರು, ಸೋಮವಾರ ಪೂರ್ತಿ ರಜೆ. ಆ ಸೋಮವಾರ ಕಲಿಸುವವರು ಏನು ಮಾಡುತ್ತಾರೆ? ಜೀನು ತೊಳೆಯುತ್ತಾರೆ, ಲಗಾಮಿಗೆ ಎಣ್ಣೆ ಹಚ್ಚುತ್ತಾರೆ, ಲಾಯಕ್ಕೆ ಹೊಸ ಹುಲ್ಲು ಹಾಸುತ್ತಾರೆ. ರಜೆಯಲ್ಲಿರುವ ಕುದುರೆ ನಿಂತು ನೋಡುತ್ತದೆ.

ಹೋಗಲಿ. ಒಂದು ದಿನ ಕೂತು ತಿಂದ ಕುದುರೆಗೆ ಮಂಗಳವಾರ ಬೆಳಿಗ್ಗೆ ಮೈಯೆಲ್ಲ ಸೊಕ್ಕು. ಹಾಗೇ ಮಕ್ಕಳನ್ನು ಕೂರಿಸಿದರೆ ಅಪಾಯ ಅಂತ, ಮಕ್ಕಳು ಬರುವ ಮುಂಚೆ ಕಲಿಸುವವರು ಹತ್ತಿ ಓಡಿಸಿ ಆ ಸೊಕ್ಕು ಇಳಿಸಬೇಕು. ಇದು ನಿಮ್ಮ ಪದ್ಧತಿ, ತಪ್ಪೇನಲ್ಲ. ಆದರೆ ಒಳ್ಳೆಯ ಹೆಲ್ಮೆಟ್ಟುಗಳೆಲ್ಲ ಫೀ ಕಟ್ಟುವ ಮಕ್ಕಳ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ಸೊಕ್ಕಿನ ಕುದುರೆ ಹತ್ತುವವಳಿಗೆ ಪಟ್ಟಿ ಹರಿದದ್ದು. ನನ್ನ ಮೊಮ್ಮಗಳು ಅದಕ್ಕೆ ಶೂ ಲೇಸು ಕಟ್ಟಿಕೊಂಡಿದ್ದಳು. ಉತ್ತರಾಯಣದ, ಅಂದರೆ ಇಲ್ಲಿಯವರ ಗಾಳಿಪಟದ ಸಂಕ್ರಾಂತಿಯ, ಮುಂಚಿನ ಮಂಗಳವಾರ; ಆಕಾಶದ ತುಂಬ ಗಾಳಿಪಟ. ಒಂದು ಹರಿದು ಬಂದು ಬಾದಲ್ ಅನ್ನುವ ಕುದುರೆಯ ಮೂಗಿನ ಮುಂದೆಯೇ ಬಿತ್ತು. ಕುದುರೆ ಆ ಕಡೆ, ಹುಡುಗಿ ಈ ಕಡೆ. ತಲೆ ಉಳಿದದ್ದು ಶೂ ಲೇಸಿನ ಪುಣ್ಯ.

ಈಗ ನಿಮ್ಮ ಇನ್ನೊಂದು ಪದ್ಧತಿ ಕೇಳಿ ಓದುಗರು ಸಂತೋಷಪಡಲಿ. ಈ ಶಾಲೆಯಲ್ಲಿ ಯಾರು ಬಿದ್ದರೂ ಎಲ್ಲರಿಗೂ ಜಲೇಬಿ, ಜೊತೆಗೆ ಕಡಲೆಹಿಟ್ಟಿನ ಕರಿದ ಫಾಫ್ಡಾ ಕೊಡಿಸಬೇಕಂತೆ. ಮಕ್ಕಳು ಬಿದ್ದು ಎದ್ದು ನಕ್ಕು ಕೊಡಿಸಿದರೆ ಚಂದ. ಆದರೆ ಇವಳ ಕೈಗೆ ಜೋಳಿಗೆ ಕಟ್ಟಿ ಆಸ್ಪತ್ರೆಯಿಂದ ಕರೆತಂದ ಮರುದಿನ ನೀವು ಫೋನು ಮಾಡಿ ಕೇಳಿದ ಮೊದಲ ಮಾತು, "ಜಲೇಬಿ ಯಾವಾಗಮ್ಮಾ?" ತಮಾಷೆಗೆ ಅಂದಿರಿ, ಗೊತ್ತು. ನನಗೂ ತಮಾಷೆ ಬರುತ್ತದೆ. ಗೋರ್ವಾದ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಬಿಸಿ ಜಲೇಬಿ ಕಟ್ಟಿಸಿಕೊಂಡು ಸೀದಾ ನಿಮ್ಮಲ್ಲಿಗೆ ಬಂದೆ. ನೀವು ಎರಡು ತಿಂದಿರಿ. ಆಮೇಲೆ ನಡೆದ ಮಾತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಲಾಯದಲ್ಲಿ ರೇಷ್ಮಾ ಅನ್ನುವ ಕುದುರೆ ಕಾಲಿಗೆ ಪಟ್ಟಿ ಸುತ್ತಿಕೊಂಡು ನಿಂತಿತ್ತು.

"ಇದಕ್ಕೇನಾತ್ರಿ?" ಅಂದೆ.

"ಕಾಲು ಉಳುಕಿದೆ ಯಜಮಾನರೇ. ಯಾರೂ ಹತ್ತೋ ಹಾಗಿಲ್ಲ. ಬೆಳಿಗ್ಗೆ ಸಂಜೆ ಸುಮ್ಮನೆ ನಡೆಸ್ತೀವಿ, ಅಷ್ಟೇ."

"ಎಷ್ಟು ದಿನ?"

"ವಾಸಿಯಾಗೋವರೆಗೆ."

"ಬ್ಯಾರೆ ಕುದುರಿ ತಂದು ಇದನ್ನ ಹೊರಗ ಹಾಕಂಗಿಲ್ಲೇನ್ರಿ?"

ನೀವು ಕಿವಿ ಮುಚ್ಚಿಕೊಂಡಿರಿ. "ಛೆ ಛೆ, ಏನು ಮಾತು ಅಂತ ಆಡ್ತೀರಿ. ಪಳಗಿದ ಕುದುರೆ, ಮಕ್ಕಳಿಗೆ ಅದರ ಮೇಲೆ ಜೀವ."

"ನನ್ನ ಮೊಮ್ಮಗಳ ಮ್ಯಾಲೂ ಮಕ್ಕಳಿಗೆ ಜೀವ ಐತ್ರಿ."

"ಅದು ಬೇರೆ ವಿಷಯ. ಅವಳಿನ್ನೂ ಟ್ರಯಲ್ ಮೇಲಿದ್ದಾಳೆ."

ಸ್ವಾಮಿ, ಬಾದಲ್ ಸೂರತ್ತಿನಿಂದ ಬಂದಾಗ ಅದರ ಟ್ರಯಲ್ ಹದಿನೈದು ದಿನಕ್ಕೆ ಮುಗಿಯಿತು. ನನ್ನ ಮೊಮ್ಮಗಳದು ಮೂರನೇ ವರ್ಷ ನಡೆದಿದೆ. ಅವಳ ಹಲ್ಲು ನೋಡಿ ವಯಸ್ಸು ಅಂದಾಜು ಮಾಡುವುದು ಇನ್ನೂ ಬಾಕಿ ಇದೆಯೇ? ಇದನ್ನು ಅಲ್ಲೇ ಕೇಳಿದೆ. ಆಗಲೇ ನೀವು ಬೆರಳು ಒರೆಸಿಕೊಂಡು "ಏನಿದ್ದರೂ ಬರೆದು ಕೊಡಿ" ಅಂದದ್ದು.

ನಾನು ಹುಬ್ಬಳ್ಳಿ ಡಿಪೋದಲ್ಲಿ ಬಸ್ಸು ಓಡಿಸಿದವನು. ಮಗನಿಗೆ ಬ್ಯಾಂಕಿನವರು ಇಲ್ಲಿಗೆ ವರ್ಗ ಕೊಟ್ಟಾಗ ಅವನ ಜೊತೆ ಬಂದೆ. ನಮ್ಮ ಡಿಪೋ ಏನು ಸ್ವರ್ಗ ಆಗಿರಲಿಲ್ಲ, ಮ್ಯಾನೇಜರನ ಜೊತೆ ನಾನು ಜಗಳ ಆಡದ ವಾರ ಇಲ್ಲ. ಆದರೂ ಗೋಪಾಲಕೃಷ್ಣ ಅನ್ನುವ ಡ್ರೈವರನ ಕೈ ಮುರಿದಾಗ ಅವನನ್ನು ನಿಲ್ದಾಣದಲ್ಲಿ ಕುರ್ಚಿ ಹಾಕಿ ಕೂರಿಸಿದರು, ಮೈಕಿನಲ್ಲಿ ಬಸ್ಸು ಕೂಗಲಿಕ್ಕೆ. ಕೈ ಹೋದರೆ ಬಾಯಿ ಇದೆಯಲ್ಲ ಅನ್ನುವಷ್ಟು ಬುದ್ಧಿ ಆ ಮ್ಯಾನೇಜರನಿಗೂ ಇತ್ತು.

ಸವಾರಿ ಕಲಿಸುವುದಾದರೂ ಹೇಗೆ? ಅಂಗಳದ ನಡುವೆ ನಿಂತು ಬಾಯಿಂದ ತಾನೇ? "ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಲಗಾಮು ಎಳೀಬೇಡ." ಮೊಮ್ಮಗಳು ಅದನ್ನೇ ಕೇಳಿದಳು: "ಸರ್, ಒಂದು ಕುರ್ಚಿ ಕೊಡಿ, ಕೂತೇ ಕಲಿಸ್ತೀನಿ." ಕುದುರೆ ಹತ್ತದೆ ಕಲಿಸಲು ಬರುವುದಿಲ್ಲ, ಇದು ನಿಯಮ ಅಂದಿರಿ. ಒಪ್ಪೋಣ. ಹಾಗಾದರೆ ಕಳೆದ ಶುಕ್ರವಾರ ನಡೆದದ್ದು ಏನು? ಫೆಬ್ರುವರಿಗೂ ಕಾಯದೆ ಅವಳ ಜಾಗಕ್ಕೆ ನೀವು ಈಗಲೇ ತಂದ ಮಯೂರ್‌ನನ್ನು ಬಾದಲ್ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ನೀವೇ ಅವಳಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಿರಿ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತ ಎಲ್ಲ ಕೇಳಿಸಿಕೊಂಡೆ. ಹಾಸಿಗೆಗೆ ಒರಗಿ ಗುಜರಾತಿಯಲ್ಲಿ ಒಂದೊಂದೇ ಹೇಳಿದಳು. ಎಡಗಡೆಯಿಂದ ಹೋಗು, ಮೊದಲು ಕತ್ತು ಸವರು, ಕಣ್ಣಿಗೆ ಕಣ್ಣಿಟ್ಟು ನೋಡಬೇಡ, ಈಗ ಹತ್ತು. ಅವನು ಹತ್ತಿದ. ಒಂದು ಸುತ್ತು ಹೊಡೆಸಿದಳು, ಎರಡನೆಯದನ್ನೂ ಹೊಡೆಸಿದಳು. ಅಂಗಳದ ಕುರ್ಚಿಯಲ್ಲಿ ಕೂತು ಕಲಿಸಲು ಬಾರದವಳಿಂದ ಗೋರ್ವಾದ ಮಂಚದ ಮೇಲಿಂದ ಕಲಿಸಿಕೊಂಡಿರಲ್ಲ, ಆಗ ನಿಮ್ಮ ನಿಯಮ ಎಲ್ಲಿ ಮೇಯಲು ಹೋಗಿತ್ತು?

ಫೋನಿಟ್ಟ ಮೇಲೆ ಕೇಳಿದೆ, "ನಿನ್ನ ಜಾಗಾ ಕಸಗೊಳ್ಳಾಕ ಬಂದವಗ ನೀನ ಯಾಕ ಹೇಳಿಕೊಟ್ಟಿ?"

"ಅಜ್ಜಾ, ಅವನು ಬಿದ್ರೆ? ಬಾದಲ್‌ದು ಫಾಲ್ಟ್ ಇಲ್ಲ, ಮಯೂರ್‌ದೂ ಫಾಲ್ಟ್ ಇಲ್ಲ. ನೀನು ಅಲ್ಲಿಗೆ ಹೋಗಿ ಫೈಟ್ ಮಾಡ್ಬೇಡ, ಪ್ಲೀಸ್. ನಂಗೆ ಆ ಜಾಬ್ ಬೇಕು."

ಅದಕ್ಕೇ ಅಲ್ಲಿಗೆ ಬಂದಿಲ್ಲ, ಇಲ್ಲಿ ಬರೆದಿದ್ದೇನೆ. ಅವಳಿಗೆ ಬೇರೆ ಕೆಲಸ ಸಿಗುವುದಿಲ್ಲ ಅಂತಲ್ಲ. ಅಪ್ಪ ಬ್ಯಾಂಕಿನ ಪರೀಕ್ಷೆ ಕಟ್ಟು ಅಂದ, ಅಮ್ಮ ಅಹಮದಾಬಾದಿನಲ್ಲಿ ಓದು ಅಂದಳು, ಎರಡನ್ನೂ ಬಿಟ್ಟು ಲದ್ದಿಯ ವಾಸನೆ ಹೊತ್ತುಕೊಂಡು ಮನೆಗೆ ಬರುವುದೇ ಸುಖ ಅಂದವಳು. ಇಂಥವಳು ಒಬ್ಬಳು ಸಿಕ್ಕರೆ ಶಾಲೆ ನಡೆಸುವವರು ಬಾಗಿಲು ಹಾಕಿ ಒಳಗೆ ಇಟ್ಟುಕೊಳ್ಳಬೇಕು. ನೀವು ಬಾಗಿಲು ತೆರೆದು ದಾರಿ ತೋರಿಸುತ್ತಿದ್ದೀರಿ.

ನನ್ನ ಬೇಡಿಕೆಗೆ ದೊಡ್ಡ ಕಾನೂನು ಪುಸ್ತಕ ಬೇಡ. ಎಲುಬು ಕೂಡುವವರೆಗೆ ಅವಳಿಗೆ ಅಂಗಳದಲ್ಲಿ ಕುರ್ಚಿ ಹಾಕಿ, ನೆರಳಲ್ಲಿ. ಕೆಲಸ ಅವಳದೇ ಅಂತ ಕಾಗದದ ಮೇಲೆ ಬರೆದು ಸಹಿ ಮಾಡಿ. ಬರೆಸುವುದು ನಿಮಗೆ ಇಷ್ಟವಲ್ಲವೇ, ಒಮ್ಮೆ ಬರೆದೂ ನೋಡಿ. ಕಲಿಸುವವರಿಗೆಲ್ಲ ಪಟ್ಟಿ ಇರುವ ಹೆಲ್ಮೆಟ್ಟು, ವಾರಕ್ಕೊಂದು ನಿಜವಾದ ರಜೆ. ಗಾಳಿಪಟದ ದಿನಗಳಲ್ಲಿ ಸೊಕ್ಕಿನ ಕುದುರೆಯನ್ನು ಬಯಲಿಗೆ ಬಿಡುವುದು ಬಂದ್. ಮಯೂರ್‌ನನ್ನೂ ತೆಗೆಯಬೇಡಿ, ಪಾಪದ ಹುಡುಗ. ಇಬ್ಬರಿಗೂ ಸಾಲುವಷ್ಟು ಮಕ್ಕಳು ನಿಮ್ಮಲ್ಲಿದ್ದಾರೆ.

ಜನವರಿ ಇಪ್ಪತ್ತೆಂಟರೊಳಗೆ ಉತ್ತರ ಕೊಡಿ.

ಇಂತಿ,
ಮೊಮ್ಮಗಳಿಗೆ ಕನ್ನಡ ಓದಲು ಬಾರದೆಂದು ಇಷ್ಟು ವರ್ಷ ದುಃಖಪಟ್ಟು, ಈ ಒಂದು ತಿಂಗಳ ಮಟ್ಟಿಗೆ ಬಾರದಿರಲಿ ಎನ್ನುವ
ಪದ್ಮನಾಭ
ಗೋರ್ವಾ, ವಡೋದರಾ