ಪಾದದ ಮಣ್ಣು

ಕಾಂತೇಶ,

ಹೆಸರಿನ ಮುಂದೆ ‘ಪ್ರಿಯ’ ಎಂದು ಬರೆಯುವಷ್ಟು ಯೋಗ್ಯತೆ ನಿನಗಿಲ್ಲ. ಈ ಪತ್ರ ನಿನ್ನೂರು ಕಕ್ಕೇರಾ ತಲುಪುವುದೂ ಇಲ್ಲ.

ನನ್ನ ಹೆಂಡತಿ ತೀರಿದಾಗ ನಿದ್ದೆಗೆಂದು ಮೊದಲ ಮಾತ್ರೆ ಕೊಟ್ಟವನು ನೀನು. ಮುಂದೆ ಅದನ್ನೇ ‘ಚಟ’ವೆಂದು ನಮ್ಮ ಶಾಲೆಯ ಸಹೋದ್ಯೋಗಿಗಳೆದುರು ಹೀಯಾಳಿಸಿದವನೂ ನೀನೇ. ಈಗ ಶಹಾಪುರದ ವೈದ್ಯರು ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ. ಕಣ್ಣು ಹತ್ತಿದೊಡನೆ ಯಾರೋ ಒದ್ದಂತೆ ಮೈಯೆಲ್ಲ ಜಗ್ಗಿ ಎಚ್ಚರವಾಗುತ್ತದೆ. ಮಾತ್ರೆ ಬಿಡುವಾಗ ಹೀಗಾಗುವುದುಂಟು, ಕ್ರಮೇಣ ಕಡಿಮೆಯಾಗುತ್ತದೆ ಎಂದಿದ್ದಾರೆ.

ತಂಗಿ ಮಲ್ಲಾಬಾಯಿ ಮಾತ್ರ ಇದನ್ನು ದೃಷ್ಟಿಯೆಂದಳು. ದೃಷ್ಟಿ ಹಾಕಿದವನ ಪಾದದ ಮಣ್ಣು ತಂದು ನಿವಾಳಿಸಬೇಕಂತೆ. ಅನುಮಾನ ನಿನ್ನ ಮೇಲೆಯೇ. ನನ್ನನ್ನು ಕೇಳದೆ ನಿನ್ನ ಅಂಗಳಕ್ಕೆ ಬಂದಳು. ವಿಜ್ಞಾನ ಕಲಿಸಿದ ನೀನು ನಾಚಿಕೆಯಿಲ್ಲದೆ ಚಪ್ಪಲಿ ಕಳಚಿ ನಿಂತೆಯಂತೆ.

“ಎರಡೂ ಕಾಲಿಂದ ತಗೋಳವ್ವಾ. ಒಂದ ಕಾಲಿನ ಮಣ್ಣಿಗಿ ಅವನ ಸೊಕ್ಕ ಇಳ್ಯಾಂಗಿಲ್ಲ” ಎಂದೆಯಂತೆ. ಆಮೇಲೆ ದನಿ ತಗ್ಗಿಸಿ, “ತಿರುಗಿ ಜಾಸ್ತಿ ಮಾತ್ರಿ ನುಂಗಾಕತ್ತಿಲ್ಲಲ್ಲ?” ಎಂದು ಕೇಳಿದೆಯಂತೆ. ನಿನಗೇಕೆ ಆ ವಿಚಾರಣೆ?

ಇಂದು ಮಧ್ಯಾಹ್ನ ಆಕೆ ನಿವಾಳಿಸಿ ಮಣ್ಣನ್ನು ಒಲೆಗೆ ಹಾಕಿದಳು. ಮಲಗಿದೆ, ಮತ್ತೆ ಬೆಚ್ಚಿಬಿದ್ದೆ. ಕೈ ಮಾತ್ರೆಯ ಡಬ್ಬಿಯವರೆಗೂ ಹೋಯಿತು. ನಿನ್ನ ಪ್ರಶ್ನೆ ನೆನಪಾಗಿ, ಆ ತೃಪ್ತಿ ನಿನಗೆ ಸಿಗಬಾರದೆಂದು ಹಿಂದೆಗೆದೆ. ನಿನ್ನ ಪಾದದ ಮಣ್ಣು ನಿಷ್ಪ್ರಯೋಜಕವೆಂಬುದಂತೂ ಸಿದ್ಧವಾಯಿತು.

“ಅಣ್ಣಾ, ಮಂಗಳವಾರ ಮತ್ತ ಹೋಗಿ ತರ್ಲೇನು?” ಎಂದಳು ಮಲ್ಲಾಬಾಯಿ.

ಬೇಡವೆನ್ನಲು ಬಾಯಿ ತೆರೆದವನು, ಕಕ್ಕೇರಾ ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಕೇಳಿದೆ.