ಮ್ಯಾನೇಜರ ಬಾಗಿಲ ಮುಂದಿನ ಸಾಲು

ಅಕ್ಟೋಬರ್ ೧೪, ಮಂಗಳವಾರ, ರಾತ್ರಿ

ನಮ್ಮ ಪ್ರೆಸ್ಸಿನ ಹೆಂಗಸರ ಶೌಚಾಲಯ ನಾಳಿದ್ದಿನಿಂದ ಕಾಗದದ ಗೋದಾಮಂತೆ. ಹೊಸ ಮ್ಯಾನೇಜರ ಅಪ್ಪಣೆ. "ಇರೋದೇ ಆರು ಜನ, ಎದುರಿನ ಅಂಗಡಿಗೆ ಹೋಗಿ ಬನ್ನಿ" ಅಂದರು.

ನಾನು ಸುಮ್ಮನಿರುವವಳೇ? "ಸಂರಕ್ಷಿತ ಸ್ಮಾರಕ. ಪಾದರಕ್ಷೆ ಕಳಚಿ ಮೌನವಾಗಿ ಪ್ರವೇಶಿಸಿ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಆ ಬಾಗಿಲಿಗೆ ಅಂಟಿಸಿದೆ. ಎಲ್ಲರೂ ನಕ್ಕರು. ಬೈಂಡಿಂಗ್ ಮಾಡುವ ದೊಡ್ಡಕ್ಕ ಮಾತ್ರ ಮೇಲೆದ್ದಿದ್ದ ಅಂಚಿಗೆ ಗೋಂದು ಹಚ್ಚಿ ಒತ್ತಿದಳು.

"ಸುಳ್ಳೇನೂ ಬರೆದಿಲ್ಲ ಬಿಡೇ, ತರಲೆ. ಮೊದಲು ಇದು ಇರಲೇ ಇಲ್ಲ. ಸಂಜೆವರೆಗೂ ತೊಟ್ಟು ನೀರು ಕುಡೀತಿರಲಿಲ್ಲ ನಾವು. ಕೇಳಿ ಕೇಳಿ ಸಾಕಾಗಿ, ಒಂದಿನ ಎಲ್ಲರೂ ಆಗಿನ ಮ್ಯಾನೇಜರ ಸ್ವಂತ ಶೌಚಾಲಯದ ಮುಂದೆ ಸಾಲು ನಿಂತ್ವಿ. ಒಳಗಿಂದ ಬಂದೋಳು ಮತ್ತೆ ಸಾಲಿನ ಕೊನೆಗೆ. ಪಾಪ, ಆಯಪ್ಪ ಹೊರಗೆ ಕಾಲು ಕುಣಿಸ್ತಾ ನಿಂತಿದ್ದ. ಆ ವಾರವೇ ಇಟ್ಟಿಗೆ ಬಂತು. ಸಾಲಲ್ಲಿ ಮೊದಲು ನಿಂತೋಳು ನಿಮ್ಮಮ್ಮ."

ನಮ್ಮಮ್ಮ. ಪಕ್ಕದ ಮನೆಗೆ ಕೊಟ್ಟ ಪಾತ್ರೆ ವಾಪಸ್ ಕೇಳಲೂ ನಾಚುವ ನಮ್ಮಮ್ಮ.

ದಿನಾ ಕಾಲಲ್ಲಿ ಒದ್ದು ತೆಗೆಯುತ್ತಿದ್ದ ಬಾಗಿಲನ್ನು ಇವತ್ತು ಕೈಯಿಂದ ತೆಗೆದೆ. ಯಾರೂ ನೋಡದಾಗ ಚಪ್ಪಲಿಯನ್ನೂ ಬಿಟ್ಟೆ. ನೆಲ ಒದ್ದೆಯಾಗಿತ್ತು; ಭಕ್ತಿ ಅಲ್ಲಿಗೆ ಮುಗಿಯಿತು.

ನಾಳೆ ಮತ್ತೆ ಸಾಲು. ಮುಂದೆ ನಾನೇ ನಿಲ್ಲಬೇಕೆಂದು ಆರೂ ಜನ ಸೇರಿ ತೀರ್ಮಾನಿಸಿದ್ದೇವೆ. ಅಮ್ಮನಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ, "ಹೋಗೋ ಮುಂಚೆ ಹೊಟ್ಟೆ ತುಂಬ ನೀರು ಕುಡಿ" ಅಂದಳು.

ಥ್ಯಾಂಕ್ಸ್ ಅಂದಿದ್ದರೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಮ್ಮಾ, ಅವತ್ತು ನೀನು ಮೊದಲು ನಿಂತದ್ದಕ್ಕೆ ಥ್ಯಾಂಕ್ಸ್.